ಶುಕ್ರವಾರ ಹೊರಟ ಮದುಮಗ

ಟ್ರಾವೆಲ್ ಏಜೆನ್ಸಿಯ ಕೆಲಸಕ್ಕೆ ಸೇರುವ ಹುಡುಗಿಯರು ಆಗಾಗ ನಮ್ಮ ಮನೆಗೆ ಬಂದು, "ಆಂಟಿ, ಮೊದಲು ಏನು ಕಲಿಬೇಕು?" ಅಂತ ಕೇಳುತ್ತಾರೆ. ನಗು ತಡೆಯುವುದನ್ನು ಕಲಿಯಿರಿ ಅನ್ನುತ್ತೇನೆ. ಉಳಿದದ್ದನ್ನೆಲ್ಲ ಈಗ ಕಂಪ್ಯೂಟರೇ ಕಲಿತುಬಿಟ್ಟಿದೆ.

ನಾನು ಹುಬ್ಬಳ್ಳಿಯವಳು. ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದೆ. ಮಕ್ಕಳು ತಮ್ಮ ಡಬ್ಬಿ ತಾವೇ ತುಂಬಿಕೊಳ್ಳುವಷ್ಟು ದೊಡ್ಡವರಾದ ಮೇಲೆ ಠಾಣೆಯ ನೌಪಾಡಾದಲ್ಲಿ ದಾಮಲೆ ಸಾಹೇಬರ ಟಿಕೆಟ್ ಆಫೀಸಿಗೆ ಸೇರಿದೆ. ಆಫೀಸೆಂದರೆ ಒಂದು ವಡಾಪಾವ್ ಗಾಡಿಯ ಹಿಂದಿದ್ದ ಒಂದು ಕೋಣೆ. ಪ್ಯಾರಿಸ್‌ಗೆ ಹನಿಮೂನ್ ಹೊರಟವರ ಟಿಕೆಟಿಗೂ ನಮ್ಮಲ್ಲಿ ಬಟಾಟೆ ವಡೆಯ ಘಮ ಇರುತ್ತಿತ್ತು. ನನ್ನ ಹೆಸರು ವಿಮಲಾ. ಸಾಹೇಬರ ಜೊತೆ ಮಾತೆಲ್ಲ ಮರಾಠಿಯಲ್ಲಿ. ನನ್ನನ್ನು 'ವಿಮಲಾತಾಯಿ' ಅನ್ನುತ್ತಿದ್ದರು, ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ಹುಬ್ಬಳ್ಳಿಯಿಂದ ಬಂದ ನನ್ನ ಅವ್ವ ಅದನ್ನು ಕೇಳಿ, "ಅಷ್ಟು ದೊಡ್ಡ ಮನುಷ್ಯಾ ನಿನಗ ತಾಯಿ ಅಂತಾನಲ್ಲ, ಎಂಥಾ ಸಂಸ್ಕಾರ!" ಅಂತ ಕಣ್ಣೊರೆಸಿಕೊಂಡಳು. ನಾನು ತಿದ್ದಲಿಲ್ಲ.

ಈ ಕೆಲಸದಲ್ಲಿ ಎದುರಿಗೆ ಕೂತವರು ಕೇಳುವ ಪ್ರಶ್ನೆ ಎರಡೇ. ಎಷ್ಟು ರೂಪಾಯಿ? ಎಷ್ಟು ತಾಸು? ಮೊದಲನೆಯದಕ್ಕೆ ಉತ್ತರ ಹೇಳಿದರೆ ಬಯ್ಯುತ್ತಾರೆ. ಎರಡನೆಯದಕ್ಕೆ ಉತ್ತರ ಹೇಳಿದರೆ ನಂಬುವುದಿಲ್ಲ.

ಡೊಂಬಿವಲಿಯ ಒಬ್ಬ ರಿಟೈರ್ಡ್ ಬ್ಯಾಂಕಿನವರು ಮಗಳ ಬಾಣಂತನಕ್ಕೆ ಹೆಂಡತಿಯ ಜೊತೆ ನ್ಯೂಯಾರ್ಕಿಗೆ ಹೊರಟಿದ್ದರು. ಟಿಕೆಟಿನ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದರು. ಇಲ್ಲಿಂದ ರಾತ್ರಿ ಹೊರಟು ಬೆಳಗಿನ ಜಾವ ಅಲ್ಲಿ. ಅಂದರೆ ಆರು ತಾಸು. ವಾಪಸು ಬರುವಾಗ ಇವತ್ತು ರಾತ್ರಿ ಹೊರಟು ನಾಳೆ ರಾತ್ರಿ ಇಲ್ಲಿ. ಅಂದರೆ ಇಡೀ ಒಂದು ದಿನ.

"ಹೋಗುವಾಗಿನ ಪೈಲಟ್ ಚೆನ್ನಾಗಿ ಓಡಿಸ್ತಾನೆ. ಬರುವಾಗಲೂ ಅವನನ್ನೇ ಕೊಡಿ," ಅಂದರು.

ನಾನು ಹೊಸಬಳು, ಹುರುಪು ಬೇರೆ. ಪೆನ್ನನ್ನು ಸೂರ್ಯ ಮಾಡಿ, ಪೇಪರ್‌ವೇಟನ್ನು ಭೂಮಿ ಮಾಡಿ, ಅಲ್ಲಿನ ಗಡಿಯಾರ ಬೇರೆ, ಇಲ್ಲಿನ ಗಡಿಯಾರ ಬೇರೆ, ನಿಜವಾದ ಪ್ರಯಾಣ ಹೋಗುವಾಗಲೂ ಬರುವಾಗಲೂ ಹದಿನೈದು ಹದಿನಾರು ತಾಸು ಎಂದು ಬೆವರು ಸುರಿಸಿ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಅದೆಲ್ಲ ಸರಿ. ಪೈಲಟ್ ವಿಷಯ ಏನು ಮಾಡಿದಿರಿ?" ಅಂದರು.

ದಾಮಲೆ ಸಾಹೇಬರು ಒಳಗಿನಿಂದಲೇ ಕೂಗಿದರು: "ತಾಯಿ, ಅವರ ವಿನಂತಿ ಬರೆದುಕೊಳ್ಳಿ!"

ಬರೆದುಕೊಂಡೆ. ಅವರು ಸಂತೋಷದಿಂದ ಹೋದರು. "ಗಿರಾಕಿಗೆ ಬ್ರಹ್ಮಾಂಡ ವಿವರಿಸಬೇಡಿ. ಅವರು ಬಂದಿರುವುದು ಕಿಟಕಿ ಸೀಟಿಗೆ," ಅಂತ ಸಾಹೇಬರು ನನಗೆ ಬುದ್ಧಿ ಹೇಳಿದರು.

ಹಾಗೆ ಹೇಳಿದವರು ತಾವು ಮಾತ್ರ ಬ್ರಹ್ಮಾಂಡವನ್ನು ಬಿಡುತ್ತಿರಲಿಲ್ಲ. ಅವರ ಮೇಜಿನ ಮೇಲೆ ಒಂದು ಭೂಗೋಳ ಇತ್ತು. ಗೋಡೆಯ ನಕಾಶೆ ನೋಡಿ ಯಾರಾದರೂ, "ಅಮೆರಿಕಾಕ್ಕೆ ಹೋಗುವ ವಿಮಾನ ನೆಟ್ಟಗೆ ಹೋಗುವುದು ಬಿಟ್ಟು ಉತ್ತರ ಧ್ರುವದ ಕಡೆ ಯಾಕೆ ಹತ್ತುತ್ತದೆ? ಪೆಟ್ರೋಲ್ ದುಡ್ಡು ನಮ್ಮ ಹತ್ತಿರ ವಸೂಲಿ ಮಾಡಲಿಕ್ಕಾ?" ಎಂದು ಕೇಳಿದರೆ, ಸಾಹೇಬರಿಗೆ ಹಬ್ಬ. ಅಂಗಿಯ ಕಾಲರಿನೊಳಗೆ ಕೈ ಹಾಕಿ ಜನಿವಾರ ಹೊರಗೆಳೆದು, ಒಂದು ಬೆರಳಿನಿಂದ ಮುಂಬೈ ಮೇಲೆ ಒತ್ತಿ ಹಿಡಿದು, ಇನ್ನೊಂದು ಕಡೆ ಅಮೆರಿಕದ ಮೇಲೆ ಬಿಗಿಯಾಗಿ ಎಳೆಯುತ್ತಿದ್ದರು. ಬಿಗಿಯಾದ ದಾರ ತಾನಾಗಿಯೇ ಜಾರಿ ಉತ್ತರಕ್ಕೆ ಹೋಗಿ ನಿಲ್ಲುತ್ತಿತ್ತು. "ನೋಡಿ, ದುಂಡಗಿನ ವಸ್ತುವಿನ ಮೇಲೆ ಹತ್ತಿರದ ದಾರಿ ಇದೇ!" ಗೋಳದ ಮೇಲೆ ಬಗ್ಗಿದ ಸಾಹೇಬರು ಕುತ್ತಿಗೆ ಕೊಂಕಿಸಿಕೊಂಡೇ ಹೇಳುತ್ತಿದ್ದರು. ನಮ್ಮ ಹುಬ್ಬಳ್ಳಿ ಕಡೆ ಜನಿವಾರಕ್ಕೆ ಬೀಗದ ಕೈ ಕಟ್ಟಿಕೊಳ್ಳುವವರನ್ನು ನೋಡಿದ್ದೆ. ಅದರಲ್ಲಿ ಅಮೆರಿಕ ಅಳೆಯುವವರನ್ನು ನೋಡಿದ್ದು ಠಾಣೆಯಲ್ಲೇ.

ಮೂವತ್ತು ವರ್ಷ ಟಿಕೆಟು ಮಾರಿದ ದಾಮಲೆ ಸಾಹೇಬರು ಎಂದೂ ತಪ್ಪು ಮಾಡಿದವರಲ್ಲ. ತಪ್ಪು ಮಾಡುತ್ತಿದ್ದವರು ಏರ್‌ಲೈನಿನವರು, ರೈಲ್ವೆಯವರು, ಅವರ ಹೆಂಡತಿ ಮತ್ತು ನಾನು.

ನಾನು ಸೇರಿದಾಗ ಕೆಂಪು ಕಾರ್ಬನ್ನಿನ ಟಿಕೆಟು ಪುಸ್ತಕ ಇತ್ತು. ಸಂಜೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನನ್ನ ಕೈ ನೋಡಿದವರು, ಯಾರದೋ ಅರಿಶಿನ-ಕುಂಕುಮಕ್ಕೆ ಹೋಗಿ ಬಂದೆ ಎಂದುಕೊಳ್ಳುತ್ತಿದ್ದರು. ಕಂಪ್ಯೂಟರಿನ ಕರಿ ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಕೋಡ್ ಹೊಡೆದು ಸೀಟು ಹುಡುಕಬೇಕಿತ್ತು. ಆಮೇಲೆ ಕಾಗದದ ಟಿಕೆಟು ಹೋಗಿ ಇ-ಟಿಕೆಟು ಬಂತು. ಆಮೇಲೆ ಗಿರಾಕಿಗಳೇ ಮನೆಯಲ್ಲಿ ಕೂತು ಟಿಕೆಟು ತೆಗೆಯತೊಡಗಿದರು. ತಪ್ಪು ಮಾಡಿಕೊಂಡ ಮೇಲೆ ಮಾತ್ರ ನಮ್ಮಲ್ಲಿಗೆ ಬರುತ್ತಿದ್ದರು.

ಸಾಹೇಬರು ಅಂಗಡಿ ಮುಚ್ಚಿದ ಮೇಲೆ ನಾನು ಘಣಸೋಲಿಯ ಒಂದು ದೊಡ್ಡ ಕಂಪನಿಯ ಟ್ರಾವೆಲ್ ಡೆಸ್ಕಿಗೆ ಹೋದೆ. ಅಲ್ಲಿ ಎಲ್ಲಕ್ಕಿಂತ ಕಡಿಮೆ ದರದ ಟಿಕೆಟನ್ನು ಕಂಪ್ಯೂಟರೇ ಆರಿಸಬೇಕೆಂದು ನಮ್ಮ ಮ್ಯಾನೇಜರು ನಿಯಮ ತಂದರು. ಚೆನ್ನೈ ಕಡೆಯ ಹುಡುಗ, ಪಾಪ, ಬಹಳ ಶಿಸ್ತು. ಆ ನಿಯಮದ ಪ್ರಕಾರ ಕಂಪ್ಯೂಟರು ಮೊದಲು ಕಳಿಸಿದ್ದು ಅವನದೇ ಬಾಸನ್ನು. ಲಂಡನ್ನಿಗೆ ಹೋಗಬೇಕಾದ ಆ ದೊಡ್ಡ ಮನುಷ್ಯರನ್ನು ಮೊದಲು ಪೂರ್ವಕ್ಕೆ ಸಿಂಗಾಪುರಕ್ಕೆ ಒಯ್ದು, ಅಲ್ಲಿ ಒಂದು ಹಗಲು ಕೂರಿಸಿ, ಅಲ್ಲಿಂದ ಮುಂಬೈಯ ಮೇಲಿನಿಂದಲೇ ಹಾರಿಸಿ ಲಂಡನ್ನಿಗೆ ಮುಟ್ಟಿಸಿತು. ಅವರು ಕಿಟಕಿಯಿಂದ ಕೆಳಗೆ ನೋಡಿ ತಮ್ಮ ಬಿಲ್ಡಿಂಗಿನ ದೀಪ ಗುರುತಿಸಿದರಂತೆ. ವಾರದೊಳಗೆ ನಿಯಮ ಬದಲಾಯಿತು.

ಇವೆಲ್ಲ ನಗುವ ಮಾತು. ತಾಸಿನ ಲೆಕ್ಕ ತಪ್ಪಿ ಒಂದು ಮದುವೆ ಮುರಿಯುವುದರಲ್ಲಿದ್ದ ಕಥೆಯೊಂದಿದೆ. ಅದು ಠಾಣೆಯ ಆಫೀಸಿನಲ್ಲಿ ನಡೆದದ್ದು, ಇಂಟರ್ನೆಟ್ಟು ಆಗ ತಾನೇ ಎಲ್ಲರ ಕೈಗೂ ಬರುತ್ತಿತ್ತು.

ಡೊಂಬಿವಲಿಯ ಕಾರ್ಖಾನೆ ವಸಾಹತು ಎಂಐಡಿಸಿಯಲ್ಲಿ ಗಿರಿಜಕ್ಕ ಎಂಬ ಕುಂದಾಪುರ ಕಡೆಯ ಹೆಂಗಸು ಮೆಸ್ ನಡೆಸುತ್ತಿದ್ದರು. ಫ್ಯಾಕ್ಟರಿಯ ಗಂಡಸರು ಅವರ ಸಾರಿಗೂ ಹೆದರುತ್ತಿದ್ದರು, ಬಾಯಿಗೂ ಹೆದರುತ್ತಿದ್ದರು. ಗಂಡ ಇಲ್ಲ. ಒಬ್ಬನೇ ಮಗ ಸುಧಾಕರ, ಪ್ರವಾಸಿಗಳ ಹಡಗಿನಲ್ಲಿ ಕುಕ್. ಮೆಸ್ಸಿನಲ್ಲಿ ಹತ್ತು ವರ್ಷ ಉಂಡ ಬಸವರಾಜ ಎಂಬ ಕಲಬುರಗಿಯ ಸೂಪರ್‌ವೈಸರರ ಮಗಳು ರೇಖಾಳ ಜೊತೆ ಅವನ ಮದುವೆ ಗೊತ್ತಾಗಿತ್ತು. "ಆಕಿ ಕೈಯಾಗ ಇಷ್ಟು ವರ್ಷ ಉಂಡು, ಹೆಣ್ಣು ಕೊಡಂಗಿಲ್ಲ ಅಂತ ಹ್ಯಾಂಗ ಅನ್ಲಿ?" ಅಂತ ಬಸವರಾಜರು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದರು. ಆದರೆ ಒಳಗೊಳಗೆ ಅವರಿಗೆ ಅಳುಕು. ನೀರಿನ ಮೇಲಿರುವ ಹುಡುಗ, ಯಾವ ಊರಲ್ಲಿ ಯಾರಿದ್ದಾರೋ.

ರೇಖಾ ಕಲ್ಯಾಣದಲ್ಲಿ ಹುಟ್ಟಿ ಬೆಳೆದವಳು, ಐರೋಲಿಯ ಐಟಿ ಕಂಪನಿಯಲ್ಲಿ ಕೆಲಸ. ಇಬ್ಬರೂ ಎರಡು ಸಲ ಭೇಟಿಯಾಗಿದ್ದರು. ಉಳಿದದ್ದೆಲ್ಲ ಈಮೇಲಿನಲ್ಲಿ.

ಮದುವೆ ಫೆಬ್ರವರಿಯ ಒಂದು ಭಾನುವಾರ, ಕಲ್ಯಾಣದ ಒಂದು ಹಾಲಿನಲ್ಲಿ, ಮುಹೂರ್ತ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ. ಸುಧಾಕರನ ಹಡಗು ಅದರ ಹಿಂದಿನ ಶುಕ್ರವಾರ ಬೆಳಿಗ್ಗೆ ಲಾಸ್ ಏಂಜಲೀಸ್ ಬಂದರಿಗೆ ಬರುವುದಿತ್ತು. ಅದಕ್ಕಿಂತ ಮೊದಲು ಇಳಿಯುವಂತಿಲ್ಲ, ಸುತ್ತ ಸಮುದ್ರ. ಹಾಗಾಗಿ ಶುಕ್ರವಾರ ಇಳಿದು ಭಾನುವಾರದೊಳಗೆ ಇಲ್ಲಿ ಮುಟ್ಟಬೇಕು. ಟಿಕೆಟು ತೆಗೆಯಲು ಗಿರಿಜಕ್ಕ ನಮ್ಮ ಆಫೀಸಿಗೆ ಬಂದಾಗ ನಾನು ತಂಗಿಯ ಮನೆಯ ಗೃಹಪ್ರವೇಶಕ್ಕೆ ಹುಬ್ಬಳ್ಳಿಗೆ ಹೋಗಿದ್ದೆ. ದಾಮಲೆ ಸಾಹೇಬರೇ ಖುದ್ದಾಗಿ ಟಿಕೆಟು ಮಾಡಿದರು.

ಅದು ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ಲಾಸ್ ಏಂಜಲೀಸಿನಿಂದ ಹೊರಟು, ಹಾಂಗ್‌ಕಾಂಗ್ ಮೇಲೆ ಮುಂಬೈಗೆ ಬರುವ ವಿಮಾನ. ಸಾಹೇಬರು ಗೋಳದ ಮೇಲೆ ಜನಿವಾರ ಎಳೆದು ಗಿರಿಜಕ್ಕನಿಗೆ ಹೇಳಿದರಂತೆ: "ಒಂದು ದಿನದ ದಾರಿ. ಶುಕ್ರವಾರ ರಾತ್ರಿ ಹೊರಟ, ಶನಿವಾರ ರಾತ್ರಿ ಮನೆಯಲ್ಲಿ ಊಟ ಮಾಡಿದ. ಪಶ್ಚಿಮಕ್ಕೆ ಹೋಗುವವನಿಗೆ ಸಮಯ ಯಾವಾಗಲೂ ಲಾಭ!"

ಮದುವೆಗೆ ಐದು ದಿನ ಇದ್ದಾಗ, ಮಂಗಳವಾರ, ನಾನು ಊರಿನಿಂದ ಬಂದು ಕೆಲಸಕ್ಕೆ ಕೂತೆ. ರಾಶಿ ಬಿದ್ದಿದ್ದ ಟಿಕೆಟಿನ ಪ್ರತಿಗಳನ್ನು ಫೈಲಿಗೆ ಹಾಕುವಾಗ ಸುಧಾಕರನದು ಕೈಗೆ ಬಂತು. ಮುಂಬೈ ತಲುಪುವ ಹೊತ್ತು ಮಧ್ಯಾಹ್ನ ಮೂರು, ಅದರ ಪಕ್ಕ ಸಣ್ಣದಾಗಿ '+2'. ಎರಡು ದಿನ ಕೂಡಿಸಿ ಓದಿರಿ ಎಂದು ಅರ್ಥ. ಶುಕ್ರವಾರಕ್ಕೆ ಎರಡು ಕೂಡಿಸಿದರೆ ಭಾನುವಾರ. ಭಾನುವಾರ ಮಧ್ಯಾಹ್ನ ಮೂರಕ್ಕೆ ಕಲ್ಯಾಣದ ಹಾಲಿನಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ.

"ಸಾಹೇಬ್ರೇ, ಈ ಹುಡುಗ ಮುಹೂರ್ತಕ್ಕೆ ಸಿಗೋದಿಲ್ಲ."

"ಯಾಕೆ ಸಿಗುವುದಿಲ್ಲ? ಇಪ್ಪತ್ತನಾಲ್ಕು ತಾಸಿನ ದಾರಿ."

"ದಾರಿ ಹೆಚ್ಚುಕಡಿಮೆ ಅಷ್ಟೇ. ಆದರೆ ಅಲ್ಲಿ ಅವನು ಶುಕ್ರವಾರ ರಾತ್ರಿ ವಿಮಾನ ಹತ್ತುವಾಗ ಇಲ್ಲಿ ಆಗಲೇ ಶನಿವಾರ ಮಧ್ಯಾಹ್ನ ಆಗಿರ್ತದ. ಅದರ ಮೇಲೆ ಒಂದು ದಿನ ಕೂಡಿಸ್ರಿ."

"ಪಶ್ಚಿಮಕ್ಕೆ ಹೋಗುವವನಿಗೆ ಸಮಯ ಲಾಭ, ತಾಯಿ."

"ಪೆಸಿಫಿಕ್ ಸಮುದ್ರದ ನಡುವೆ ತಾರೀಖು ಬದಲಾಗೋ ಗೆರೆ ಅದ. ಅದನ್ನ ದಾಟಿದವನಿಗೆ ಒಂದು ದಿನವೇ ಹೋಗ್ತದ. ಲಾಭ ಎಲ್ಲ ಅಲ್ಲೇ ಮುಳುಗ್ತದ."

ಸಾಹೇಬರು ಕಾಲರಿನೊಳಗೆ ಕೈ ಹಾಕಿದರು. ಗೋಳ ತಿರುಗಿತು. ಅವರು ದಾರ ಎಳೆದರು, ನಾನು ಟಿಕೆಟು ತೋರಿಸಿದೆ. ಅವರು ಏರ್‌ಲೈನಿನವರು ತಪ್ಪು ಪ್ರಿಂಟು ಮಾಡಿದ್ದಾರೆ ಅಂದರು. ಅಷ್ಟರಲ್ಲಿ ಬಾಗಿಲು ತೆಗೆದು ಒಬ್ಬ ಹುಡುಗಿ ಒಳಗೆ ಬಂದಳು. ಕುತ್ತಿಗೆಯಲ್ಲಿ ಕಂಪನಿಯ ಐಡಿ ಕಾರ್ಡು, ಕೈಯಲ್ಲಿ ಮಡಚಿದ ಒಂದು ಹಾಳೆ. ಜನಿವಾರದಿಂದ ಭೂಗೋಳಕ್ಕೆ ಕಟ್ಟಿಹಾಕಿದಂತೆ ಬಗ್ಗಿದ್ದ ಸಾಹೇಬರನ್ನು ನೋಡಿಯೂ ಅವಳು ನಗಲಿಲ್ಲ. ಆಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು.

"ನಾನು ರೇಖಾ. ಸುಧಾಕರ್ ಟಿಕೆಟ್ ಇಲ್ಲೇ ಮಾಡ್ಯಾರಲ್ಲ?" ಅಂದಳು. ಅರ್ಧ ಅಪ್ಪನ ಕಲಬುರಗಿ ಕನ್ನಡ, ಅರ್ಧ ಹಿಂದಿ. ಹಾಳೆ ಬಿಡಿಸಿ ಮೇಜಿನ ಮೇಲಿಟ್ಟಳು. ಏರ್‌ಲೈನಿನ ವೆಬ್‌ಸೈಟಿನಿಂದ ತೆಗೆದ ಪ್ರಿಂಟು. "ಫ್ಲೈಟ್ ನಂಬರ್ ಈಮೇಲ್ ಮಾಡಿದ್ದ. ನೋಡಿದೆ. ಭಾನುವಾರ ಮೂರಕ್ಕೆ ಬರ್ತಾನ. ಮೇಡಂ, ಸಚ್ ಬತಾಯಿಯೇ, ಖರೇ ಹೇಳ್ರಿ. ಇದೇ ಟಿಕೆಟ್ ಬೇಕು ಅಂತ ಅವನೇ ಹೇಳಿದನಾ?"

ನಾನು ಕುರ್ಚಿ ಎಳೆದು ಕೂರಿಸಿದೆ. ನಾಲ್ಕು ದಿನದಿಂದ ಆ ಹಾಳೆ ಅವಳ ಪರ್ಸಿನಲ್ಲಿತ್ತಂತೆ. ಯಾರಿಗೂ ಹೇಳಿಲ್ಲ. ಅವನ ಮೇಲ್‌ಗೂ ಉತ್ತರ ಬರೆದಿಲ್ಲ.

"ಆರು ವರ್ಷ ದುನಿಯಾ ಸುತ್ತಿದವನಿಗೆ ತಾರೀಖು ಗೊತ್ತಾಗಲ್ಲಾ? ಬರೋ ಮನಸ್ಸಿಲ್ಲ ಅಂದ್ರ ಹೇಳ್ಲಿ. ಲೇಟಾಯ್ತು ಅಂತ ನಾಟಕ ಯಾಕ? ಪಪ್ಪಾ ಮೊದಲೇ ಹೆದರ್ಯಾರ. ಮಂಟಪದಾಗ ಬಾಗಿಲ ನೋಡ್ಕೋತ ನಿಂದ್ರೋದು ನನ್ನ ಕೈಲಾಗಲ್ಲ. ಅವನೇ ಹೀಗೆ ಮಾಡಿದ್ರ ಇವತ್ತೇ ಮನ್ಯಾಗ ಹೇಳ್ತೀನಿ, ಮದುವಿ ಕ್ಯಾನ್ಸಲ್."

ಹೇಳುವಾಗ ದನಿ ಗಟ್ಟಿಯಾಗಿತ್ತು. ಐಡಿ ಕಾರ್ಡಿನ ದಾರವನ್ನು ಮಾತ್ರ ಬೆರಳಿಗೆ ಸುತ್ತಿ ಸುತ್ತಿ ಬೆರಳು ಬಿಳಿಚಿಕೊಂಡಿತ್ತು.

ನಾನು ಸಾಹೇಬರ ಕಡೆ ನೋಡಿದೆ. ಅವರಿಗೆ ಕನ್ನಡ ಬಾರದಿದ್ದರೂ 'ಕ್ಯಾನ್ಸಲ್' ಎಂಬ ಶಬ್ದ ಈ ಧಂದೆಯವರಿಗೆ ನಿದ್ದೆಯಲ್ಲೂ ಕೇಳಿಸುತ್ತದೆ. ಉಳಿದದ್ದನ್ನು ನಾನು ಮರಾಠಿಯಲ್ಲಿ ಹೇಳಿದೆ. ಏರ್‌ಲೈನಿನವರ ಮೇಲೆ ತಪ್ಪು ಹಾಕಲು ಅವರಿಗೆ ಒಳ್ಳೆಯ ಅವಕಾಶವಿತ್ತು. ರಜೆಯಲ್ಲಿದ್ದ ನನ್ನ ಮೇಲೂ ಹಾಕಬಹುದಿತ್ತು, ಹಿಂದೆ ಹಾಕಿದವರೇ. ಅವರು ಜನಿವಾರವನ್ನು ನಿಧಾನವಾಗಿ ಅಂಗಿಯೊಳಗೆ ಸೇರಿಸಿ, ಗುಂಡಿ ಹಾಕಿಕೊಂಡು ಎದ್ದು ನಿಂತರು.

"ಚೂಕ್ ಮಾಝೀ ಆಹೆ, ಬಾಳ," ಅಂದರು. ತಪ್ಪು ನನ್ನದು, ಮಗೂ. "ಆ ಹುಡುಗ ಅಮ್ಮನ ಕೈಯಲ್ಲಿ ಹೇಳಿ ಕಳಿಸಿದ್ದು ಒಂದೇ, ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಅಂತ. ಮಧ್ಯಾಹ್ನದ ವಿಮಾನ ಇತ್ತು. ಹಡಗಿನಿಂದ ಇಳಿದವನು ಸ್ವಲ್ಪ ಮಲಗಲಿ ಅಂತ ನಾನೇ ರಾತ್ರಿಯದು ಮಾಡಿದೆ. ಲೆಕ್ಕ ನನಗೆ ತಪ್ಪಿತು."

ರೇಖಾ ಅವರ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಅಳಲು ಶುರುಮಾಡಿದಳು. ಅಳು ನಿಲ್ಲಿಸಲು ಸಾಹೇಬರು ಏನು ಮಾಡಬೇಕೆಂದು ತಿಳಿಯದೆ ಹೊರಗೆ ಹೋಗಿ ಮೂರು ವಡಾಪಾವ್ ತಂದರು. ಅವಳು ಅಳುತ್ತಲೇ ಒಂದನ್ನು ತಿಂದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ.

ಮಧ್ಯಾಹ್ನದ ವಿಮಾನ ಯುರೋಪಿನ ಮೇಲೆ ಬರುವಂಥದ್ದು. ಶುಕ್ರವಾರ ಮಧ್ಯಾಹ್ನ ಹೊರಟರೆ ಭಾನುವಾರ ನಸುಕಿನಲ್ಲಿ ಮುಂಬೈ. ದಾರಿಯ ಉದ್ದ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಅರ್ಧ ದಿನ ಮೊದಲು ಹೊರಡುತ್ತದೆ, ನಮಗೆ ಬೇಕಾದದ್ದು ಆ ಅರ್ಧ ದಿನ. ಕಂಪ್ಯೂಟರಿನಲ್ಲಿ ನೋಡಿದರೆ ಸೀಟಿಲ್ಲ. ವೇಟಿಂಗ್ ಲಿಸ್ಟ್. ಏರ್‌ಲೈನಿಗೆ ಫೋನು ಮಾಡಿದರೆ ಸಂಗೀತ ಕೇಳಿಸುತ್ತಿದ್ದರು.

ಸಾಹೇಬರು ಫೋನನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟರು. ಛತ್ರಿ ತೆಗೆದುಕೊಂಡರು. ಬಿಸಿಲಿಗೂ ಅವರಿಗೆ ಛತ್ರಿ ಬೇಕು. ಲೋಕಲ್ ಹಿಡಿದು ಮುಂಬೈಯ ಏರ್‌ಲೈನ್ ಆಫೀಸಿಗೆ ಹೋದರು. ಅಷ್ಟು ವರ್ಷದಲ್ಲಿ ಸಾಹೇಬರು ಏರ್‌ಲೈನಿನವರನ್ನು ಬೈದದ್ದು ಕೇಳಿದ್ದೆನೇ ಹೊರತು, ಅವರ ಬಾಗಿಲಿಗೆ ಹೋಗಿದ್ದನ್ನು ಕಂಡಿರಲಿಲ್ಲ. ಅಲ್ಲಿ ಕೌಂಟರಿನ ಎದುರು ಬೆಂಚಿನ ಮೇಲೆ ಕೂತು, "ಒಂದು ಸೀಟು ಕೊಡುವವರೆಗೆ ಏಳುವುದಿಲ್ಲ, ನನಗೆ ಬಿಪಿ ಇದೆ," ಅಂದರಂತೆ. ಸಂಜೆ ಆಫೀಸು ಮುಚ್ಚುವ ಹೊತ್ತಿಗೆ ಸೀಟು ಸಿಕ್ಕಿತು. ದಯೆಗೋ ಬಿಪಿಯ ಹೆದರಿಕೆಗೋ ಗೊತ್ತಿಲ್ಲ.

ಹೊಸ ಟಿಕೆಟನ್ನು ರೇಖಾಳೇ ನನ್ನ ಕಂಪ್ಯೂಟರಿನಿಂದ ಅವನಿಗೆ ಕಳಿಸಿದಳು. ಮರುದಿನ ಹಡಗಿನಿಂದ ಒಂದು ಸಾಲಿನ ಉತ್ತರ ಬಂತು. ಅವಳು ಫೋನ್ ಮಾಡಿ ನನಗೆ ಓದಿ ಹೇಳಿದಳು: 'ಹಾಗಾದರೆ ಮದುವೆ ಉಂಟಾ?' ನಾಲ್ಕು ದಿನ ಉತ್ತರ ಬಾರದ್ದು ನೋಡಿ, ಹುಡುಗಿ ಮನಸ್ಸು ಬದಲಾಯಿಸಿದಳು ಎಂದು ಅವನು ಅಲ್ಲಿ ಸಮುದ್ರದ ನಡುವೆ ಅಡುಗೆಗೆ ಉಪ್ಪು ಜಾಸ್ತಿ ಹಾಕಿಕೊಂಡು ಕೂತಿದ್ದನಂತೆ. ತಾರೀಖಿನ ವಿಷಯ ಅವನಿಗೆ ನಿಜವಾಗಿಯೂ ಹೊಳೆದಿರಲಿಲ್ಲ. ಹಡಗಿನ ಅಡುಗೆಮನೆಯಲ್ಲಿ ತಿಂಡಿ ಆಯಿತಾ, ಊಟ ಆಯಿತಾ ಅನ್ನುವುದೇ ಗಡಿಯಾರ. ವಾರದ ದಿನ ಯಾರಿಗೂ ಬೇಕಿಲ್ಲ.

ಗಿರಿಜಕ್ಕನಿಗೆ ಹೇಳುವ ಕೆಲಸ ಉಳಿಯಿತು. ಸಾಹೇಬರು ಎಂಐಡಿಸಿಗೇ ಹೋಗಿ ಹೇಳೋಣ ಅಂದರು. ನಾನೂ ಜೊತೆಗೆ ಹೋದೆ. ಗಿರಿಜಕ್ಕ ಕಾವಲಿಯ ಮುಂದೆ ನಿಂತಿದ್ದರು. ಸಾಹೇಬರು ಮರಾಠಿಯಲ್ಲಿ ಭೂಮಿ ದುಂಡಗಿದೆ ಎಂಬಲ್ಲಿಂದ ಶುರುಮಾಡಿದರು.

"ಭೂಮಿ ಉರುಂಟು ಅಂತ ನನಗೂ ಗೊತ್ತುಂಟು ಮಾರಾಯ್ರೆ," ಅಂದರು ಗಿರಿಜಕ್ಕ, ಸಟ್ಟುಗ ಎತ್ತಿ. "ಮದುವೆ ಆದಿತ್ಯವಾರ ಅಂತ ನಿಮಗೆ ಗೊತ್ತಿತ್ತಾ ಇಲ್ವಾ?"

ನಾನು ಅನುವಾದಿಸುವ ಅಗತ್ಯ ಬೀಳಲಿಲ್ಲ. ಸಾಹೇಬರು ತಲೆ ತಗ್ಗಿಸಿ ನಿಂತರು. ಸ್ವಲ್ಪ ಹೊತ್ತಿಗೆ ಅವರ ಕೈಗೆ ಒಂದು ತಟ್ಟೆ ದೋಸೆ ಬಂತು. ಗಿರಿಜಕ್ಕನ ಮೆಸ್ಸಿನಲ್ಲಿ ಬೈಸಿಕೊಂಡವರು ಹಸಿದು ಹೋಗುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಕಲ್ಯಾಣದ ಹಾಲಿಗೆ ನಾವಿಬ್ಬರೂ ಎಲ್ಲರಿಗಿಂತ ಮೊದಲೇ ಹಾಜರು. ನಸುಕಿನಲ್ಲಿ ಇಳಿಯಬೇಕಾದ ವಿಮಾನ, ಯುರೋಪಿನಲ್ಲಿ ಹಿಮ ಬಿದ್ದು ತಡವಾಗಿತ್ತು. ಏಳೂವರೆಗೆ ಇಳಿಯಿತು. ಎಂಟಾದರೂ ಹುಡುಗ ಹೊರಗೆ ಬರಲಿಲ್ಲ. ಅವನ ಪೆಟ್ಟಿಗೆ ಬಂದಿರಲಿಲ್ಲ, ಅದು ಇನ್ನೂ ಹಿಮದಲ್ಲೇ ಇತ್ತು. "ಪೆಟ್ಟಿಗೆ ಹಾಳಾಗಿ ಹೋಗ್ಲಿ, ನೀನು ಬಾ!" ಅಂತ ಗಿರಿಜಕ್ಕ ಫೋನಿನಲ್ಲಿ ಕಿರುಚಿದ್ದು ವಾಲಗದವರಿಗೂ ಕೇಳಿಸಿತು. ಒಂಬತ್ತಕ್ಕೆ ಟ್ಯಾಕ್ಸಿ ಹತ್ತಿದ.

ಹೊಸದಾಗಿ ಈ ಕೆಲಸಕ್ಕೆ ಸೇರುವವರು ಇದೊಂದನ್ನು ಬರೆದಿಟ್ಟುಕೊಳ್ಳಿ. ಲಾಸ್ ಏಂಜಲೀಸಿನಿಂದ ಮುಂಬೈಗೆ ಎಷ್ಟು ತಾಸು ಎಂದು ಹೇಳಬಹುದು. ಮುಂಬೈ ಏರ್‌ಪೋರ್ಟಿನಿಂದ ಕಲ್ಯಾಣಕ್ಕೆ ಎಷ್ಟು ತಾಸು ಎಂದು ಯಾರಿಗೂ ಮಾತು ಕೊಡಬೇಡಿ. ಶಿಳ್‌ಫಾಟಾದ ಹತ್ತಿರ ದಾರಿಗೆ ಒಂದು ಟ್ಯಾಂಕರು ಅಡ್ಡ ನಿಂತಿತ್ತು. ಹತ್ತು ಗಂಟೆಗೆ, ಹತ್ತೂಕಾಲಿಗೆ, ಹತ್ತೂವರೆಗೆ ಫೋನು ಮಾಡಿದರೂ ಸುಧಾಕರ ಅದೇ ಟ್ಯಾಂಕರಿನ ಬಣ್ಣ ಹೇಳುತ್ತಿದ್ದ. ಬಸವರಾಜರು ಹಾಲಿನ ಬಾಗಿಲಿಗೂ ರಸ್ತೆಗೂ ನಡೆಯುತ್ತಿದ್ದರು. ಮಗಳ ಕೋಣೆಯ ಕಡೆ ಮಾತ್ರ ಹೋಗಲಿಲ್ಲ. ನಾನು ಹೋದೆ. ಹೂವಿನ ದಂಡೆ ಕಟ್ಟಿಕೊಂಡು ಕೂತ ರೇಖಾ, "ಟ್ಯಾಂಕರ್ ನಿಜವಾಗ್ಲೂ ಇದೆಯಾ ಮೇಡಂ?" ಅಂತ ಕೇಳಿ, ಕೇಳಿದ್ದಕ್ಕೆ ತಾನೇ ನಾಚಿಕೊಂಡಳು. ಕಡೆಗೆ ಅವನು ಟ್ಯಾಕ್ಸಿಯಿಂದ ಇಳಿದು ಟ್ಯಾಂಕರಿನ ಆಚೆಗೆ ನಡೆದು ಬಂದು, ಯಾರದೋ ರಿಕ್ಷಾ ಹತ್ತಿದ.

ಹನ್ನೊಂದಕ್ಕೆ ಹುಡುಗ ಹಾಲಿಗೆ ಬಂದ. ಗಡ್ಡ, ಕೆಂಪು ಕಣ್ಣು, ಹಿಮಕ್ಕೆ ಹಾಕಿದ ದಪ್ಪ ಜಾಕೆಟ್ಟು, ಕಲ್ಯಾಣದ ಬಿಸಿಲಿಗೆ ಬೆವರು. ಬಸವರಾಜರು ಅವನನ್ನು ಬಿಗಿದಪ್ಪಿ, ನೇರ ಬಚ್ಚಲಿಗೆ ನೂಕಿದರು. ಮದುಮಗನ ಬಟ್ಟೆ ಪೆಟ್ಟಿಗೆಯ ಜೊತೆ ಯುರೋಪಿನಲ್ಲಿತ್ತು. ಬಸವರಾಜರ ಧೋತರ, ಯಾರದೋ ಶಲ್ಯ, ಅಡುಗೆಯವನ ಚಪ್ಪಲಿ. ಹೇಗೋ ಮದುಮಗ ತಯಾರಾದ.

ಇಬ್ಬರ ನಡುವೆ ಅಂತರಪಟ ಹಿಡಿದರು. ಸಾಹೇಬರೂ ನಾನೂ ಮಂಟಪಕ್ಕೆ ತಾಗಿಯೇ ನಿಂತಿದ್ದೆವು. ರೇಖಾ ಪರದೆಯ ಅಂಚಿನಿಂದ ಅವನ ಕೈಯನ್ನು ನೋಡಿದಳು. ಗಡಿಬಿಡಿಯಲ್ಲಿ ಎಲ್ಲ ಬದಲಾಯಿಸಿದ್ದರೂ ಕೈಗಡಿಯಾರ ಹಾಗೇ ಉಳಿದಿತ್ತು.

"ಎಷ್ಟು ಗಂಟೆ?" ಅಂತ ಪಿಸುಗುಟ್ಟಿದಳು.

ಅವನು ನೋಡಿಕೊಂಡ. ಗಡಿಯಾರ ಇನ್ನೂ ಲಾಸ್ ಏಂಜಲೀಸಿನ ಹೊತ್ತಿನಲ್ಲೇ ಇತ್ತು. "ಒಂಬತ್ತು ಮುಕ್ಕಾಲು. ಶನಿವಾರ ರಾತ್ರಿ."

"ಹಂಗಾದ್ರ ನಿನ್ನ ಮದುವಿ ನಾಳೆ. ಇಡೀ ರಾತ್ರಿ ಟೈಮದ. ವಿಚಾರ ಮಾಡು."

ಸುಧಾಕರ ಹಾರ ಹಿಡಿಯಬೇಕಾದ ಕೈಯಿಂದ ಗಡಿಯಾರದ ಕೀಲಿ ಎಳೆದು ತಿರುಗಿಸತೊಡಗಿದ. ಹತ್ತು, ಹನ್ನೊಂದು, ಹನ್ನೆರಡು ದಾಟಿತು. ದಿನ ಬದಲಾಗಲು ಅದು ಸ್ವಲ್ಪ ಸತಾಯಿಸಿತು. ಪುರೋಹಿತರು ಮಂತ್ರ ನಿಲ್ಲಿಸಿದರು, ಅಂತರಪಟ ಹಿಡಿದ ಹುಡುಗರ ಕೈ ಸೋತಿತು, ಅಕ್ಷತೆ ಮುಷ್ಟಿಯಲ್ಲಿ ಹಿಡಿದ ಇಡೀ ಹಾಲು ಏನು ನಡೆಯುತ್ತಿದೆ ಎಂದು ತಿಳಿಯದೆ ಕತ್ತು ಚಾಚಿ ಕಾಯಿತು. ಅವನು ಶನಿವಾರ ಕಳೆದು ಭಾನುವಾರ ಬರುವ ತನಕ ತಿರುಗಿಸಿದ. ಆಮೇಲೆ ತಲೆಯೆತ್ತಿ, "ಬಂದೆ," ಅಂದ.